ಬಿಟ್ಟ ಮೇಲೆ ಬಂದ ದಮ್ಮು

"ಬೀಡಿ ಸೇದುತ್ತಿದ್ದಾಗ ಗಟ್ಟಿಮುಟ್ಟಾಗಿದ್ದರು, ಬಿಟ್ಟ ಮೇಲೆ ನೋಡಿ, ದಮ್ಮು ಶುರುವಾಯಿತು." ಈ ಮಾತನ್ನು ಮದುವೆಮನೆಯಲ್ಲೋ ಬಸ್ಸಿನಲ್ಲೋ ನೀವೂ ಕೇಳಿರುತ್ತೀರಿ. ಹೇಳುವವರದು ಸುಳ್ಳಲ್ಲ, ಅವರು ಕಣ್ಣಾರೆ ಕಂಡದ್ದೇ. ಆದರೆ ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗಬೇಕಿಲ್ಲ ಎಂದು ಇತಿಹಾಸದ ಪಾಠ ಮಾಡುವ ನಾನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಹೊಗೆಯ ವಿಷಯದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿಯಲು ಮನುಷ್ಯನಿಗೆ ಹೆಚ್ಚುಕಡಿಮೆ ಮುನ್ನೂರೈವತ್ತು ವರ್ಷ ಹಿಡಿಯಿತು.

ತಂಬಾಕು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ್ದು; ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುವಣ ತೀರಕ್ಕೆ ಬಂತು. ಮೊಗಲರ ದರ್ಬಾರಿಗೆ ಅದು ಹೋದದ್ದು ನಮ್ಮ ಬಿಜಾಪುರದಿಂದ, ಅಂದರೆ ಇಂದಿನ ವಿಜಯಪುರದಿಂದ. ಆದಿಲ್‌ಶಾಹಿಗಳ ಆ ರಾಜಧಾನಿಗೆ ಹೋಗಿದ್ದ ಅಸದ್ ಬೇಗ್ ಎಂಬ ಅಧಿಕಾರಿ ತಂಬಾಕನ್ನೂ ಚೆಂದದ ಸೇದುಕೊಳವೆಯನ್ನೂ ಅಕ್ಬರನಿಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ತೀರಿಕೊಂಡದ್ದು 1605ರಲ್ಲಿ. ಇದು ಅದಕ್ಕೆ ತುಸು ಮೊದಲಿನ ಸಂಗತಿ. ಬಾದಶಹ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇದರ ಸುದ್ದಿಯಿಲ್ಲ, ಗುಣದೋಷ ಪರೀಕ್ಷಿಸದ ವಸ್ತು ಬೇಡ ಎಂಬುದು ಅವನ ವಾದ. ಯಾವ ಪದ್ಧತಿಯೂ ಮೊದಲಿಗೆ ಹೊಸದೇ ಅಲ್ಲವೇ ಎಂಬುದು ಅಸದ್ ಬೇಗನ ವಾದ. ಅಕ್ಬರ್ ಚಟ ಹಚ್ಚಿಕೊಳ್ಳಲಿಲ್ಲ, ಆದರೆ ಆಸ್ಥಾನದ ಅಮೀರರು ಹಚ್ಚಿಕೊಂಡರು.

ಆ ಕಾಲದಲ್ಲೇ, 1604ರಲ್ಲಿ, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ತಂಬಾಕನ್ನು ಹಳಿದು ಪುಸ್ತಿಕೆ ಬರೆದು, ಶ್ವಾಸಕೋಶಕ್ಕೆ ಕೇಡೆಂದು ಎಚ್ಚರಿಸಿದ. 1617ರಲ್ಲಿ ಜಹಾಂಗೀರನೂ ನಿಷೇಧ ಹೊರಡಿಸಿದ. ಎರಡೂ ನಡೆಯಲಿಲ್ಲ. ವಿಷ ಕುಡಿದವನು ಅಂದೇ ಬೀಳುತ್ತಾನೆ. ಹೊಗೆ ಕುಡಿದವನು ಮೂವತ್ತು ವರ್ಷ ಚೆನ್ನಾಗಿಯೇ ಓಡಾಡುತ್ತಾನೆ. ಹಾಗಿರುವಾಗ ದೊರೆಯ ಮಾತನ್ನು ಯಾರು ನಂಬಿಯಾರು?

ಮುಂದೆ ಬೀಡಿ ಬಂತು. ವಿದೇಶಿ ಸಿಗರೇಟು ಬಿಡಿ ಎಂದ ಸ್ವದೇಶಿ ಚಳವಳಿಯೂ ಅದಕ್ಕೆ ಒದಗಿಬಂತು. ಎಲೆಯಲ್ಲಿ ಸುತ್ತಿದ ಬೀಡಿ ಸುಮ್ಮನೆ ಹಿಡಿದರೆ ಆರಿಹೋಗುತ್ತದೆ. ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಚಿಕ್ಕದೆಂದು ಅದರ ಹೊಗೆಯೇನೂ ಕಡಿಮೆಯಲ್ಲ. ಸೇದಿದವರು ಹೆಚ್ಚಾಗಿ ಗಂಡಸರು. ದಕ್ಷಿಣ ಕನ್ನಡದಂಥ ಕಡೆ ಮನೆಮನೆಯಲ್ಲೂ ಮೊರ ಇಟ್ಟುಕೊಂಡು ಕಟ್ಟಿದವರು, ತಂಬಾಕಿನ ಧೂಳು ಕುಡಿದವರು ಹೆಂಗಸರು.

ಲೆಕ್ಕ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಉಸಿರನ್ನು ಅಳೆಯುವ ಯಂತ್ರವನ್ನು ಜಾನ್ ಹಚಿನ್ಸನ್ ಎಂಬ ವೈದ್ಯ 1846ರಷ್ಟು ಹಿಂದೆಯೇ ಬಣ್ಣಿಸಿದ್ದ. 1961ರಿಂದ ಎಂಟು ವರ್ಷ ಚಾರ್ಲ್ಸ್ ಫ್ಲೆಚರ್ ಮತ್ತು ಸಂಗಡಿಗರು ಲಂಡನ್ನಿನ 792 ದುಡಿಯುವ ಗಂಡಸರ ಉಸಿರನ್ನು ಮತ್ತೆ ಮತ್ತೆ ಅಳೆದರು. ಇಪ್ಪತ್ತೈದರ ಆಸುಪಾಸಿನಲ್ಲಿ ಶ್ವಾಸಕೋಶಕ್ಕೆ ತುಂಬು ಬಲ. ಅಲ್ಲಿಂದಾಚೆ ಎಲ್ಲರದೂ ನಿಧಾನವಾಗಿ ಇಳಿಯುತ್ತದೆ. ಸೇದುವವರಲ್ಲಿ ಎಲ್ಲರದೂ ಅಲ್ಲದಿದ್ದರೂ ಹಲವರದು ಬೇಗ ಬೇಗ ಇಳಿಯುತ್ತದೆ. ನಮಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಉಸಿರಿನ ಬಲ ದೇವರು ಕೊಟ್ಟಿರುವುದರಿಂದ ಬಹಳಷ್ಟು ಕಳೆದುಹೋಗುವವರೆಗೂ ಗೊತ್ತಾಗುವುದಿಲ್ಲ. ಸೇದುವುದನ್ನು ಬಿಟ್ಟರೆ ಈ ಇಳಿತ ಸೇದದವರಷ್ಟೇ ನಿಧಾನವಾಗುತ್ತದೆ. ಹೋದ ಬಲ ಮಾತ್ರ ಪೂರ್ತಿಯಾಗಿ ಮರಳುವುದಿಲ್ಲ. 1970ರ ದಶಕದಲ್ಲಿ ಅವರು ಪ್ರಕಟಿಸಿದ ಸಾರ ಇಷ್ಟೇ.

ಈ ಇಳಿತದ ಲೆಕ್ಕ ನಮ್ಮ ಮನೆಗೂ ಬೇಕಾಯಿತು. ನಮ್ಮ ಮಾವನವರು ನಲವತ್ತು ವರ್ಷ ಬೀಡಿ ಸೇದಿ, 1997ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಒಂದೇ ದಿನಕ್ಕೆ ಬಿಟ್ಟರು. ತಿಂಗಳೊಳಗೆ ಕೆಮ್ಮು ಹೆಚ್ಚಿತು, ಕಫ ಬಂತು. ಮಾರುಕಟ್ಟೆಗೆ ಹೋಗಿಬಂದರೆ ಜಗಲಿಯ ಮೇಲೆ ಕುಳಿತು ಏದುಸಿರು ಬಿಡುವರು. ಅವರ ತಂಗಿ ಬಂದವರೇ, "ಅಣ್ಣಯ್ಯ, ನಲವತ್ತು ವರ್ಷದ ಅಭ್ಯಾಸ ಹೀಗೆ ಬಿಟ್ರೆ ಮೈ ಸುಮ್ನಿರುತ್ತಾ? ದಿನಕ್ಕೊಂದಾದ್ರೂ ಸೇದು" ಎಂದರು. ಮಾವನವರ ಕೈ ಜೇಬಿನತ್ತ ಹೋಗುವುದನ್ನು ನಾನು ನೋಡಿದೆ. ಅತ್ತೆಯವರು ಏನೂ ಹೇಳದೆ ಬೆಂಕಿಪೊಟ್ಟಣವನ್ನು ಒಳಗೆ ಒಯ್ದಿಟ್ಟರು.

ಮರುದಿನ ಡಾಕ್ಟರಲ್ಲಿಗೆ ಹೋದೆವು. ಕಫ ಪರೀಕ್ಷೆ, ಎಕ್ಸರೇ, ಕೊಳವೆಗೆ ಊದುವ ಪರೀಕ್ಷೆ ಎಲ್ಲ ಆಯಿತು. ಉಸಿರುನಾಳದ ಒಳಗೆ ಕಸ ಗುಡಿಸುವ ಸೂಕ್ಷ್ಮ ರೋಮಗಳಿವೆ, ಹೊಗೆಗೆ ಅವು ಸೋತು ಮಲಗಿರುತ್ತವೆ, ಬಿಟ್ಟ ಮೇಲೆ ಎದ್ದು ಗುಡಿಸತೊಡಗುತ್ತವೆ, ಹಾಗಾಗಿ ಕೆಲವರಿಗೆ ಕೆಲವು ವಾರ ಕೆಮ್ಮು ಹೆಚ್ಚುವುದುಂಟು ಎಂದರು. ದಮ್ಮು ಮಾತ್ರ ಹಳೆಯದು. ಬಿಡುವ ಮೊದಲೇ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲವೇ ಎಂದು ಅವರು ಕೇಳಿದಾಗ ಮಾವನವರು ತಲೆ ತಗ್ಗಿಸಿದರು. ಅದಕ್ಕಾಗಿಯೇ ಅವರು ಬಿಟ್ಟದ್ದು! ಬಿಟ್ಟದ್ದರಿಂದ ದಮ್ಮು ಬಂದದ್ದಲ್ಲ, ದಮ್ಮು ಬಂದದ್ದರಿಂದ ಬಿಟ್ಟದ್ದು. ಎಷ್ಟೋ ಮನೆಗಳಲ್ಲಿ ಕಥೆ ಹೀಗೆ ತಿರುಗುಮುರುಗಾಗಿರುತ್ತದೆ.

ಕೆಮ್ಮು ಎರಡು ತಿಂಗಳಲ್ಲಿ ಇಳಿಯಿತು. ದಮ್ಮು ಪೂರ್ತಿ ಹೋಗಲಿಲ್ಲ. ಎಳೆದುಕೊಳ್ಳುವ ಔಷಧಿ ಜೊತೆಗೇ ಇತ್ತು. ಆದರೂ ಹದಿನಾಲ್ಕು ವರ್ಷ ಬದುಕಿ ಮೊಮ್ಮಗಳನ್ನು ಶಾಲೆಗೆ ಕರೆದುಕೊಂಡು ಹೋದರು. ನಡುದಾರಿಯ ಅರಳಿಕಟ್ಟೆಯಲ್ಲಿ ಕೂತು ಸುಧಾರಿಸಿಕೊಳ್ಳುವುದು ಅವರಿಬ್ಬರಿಗೂ ರೂಢಿಯಾಗಿತ್ತು.

ತಡವಾಗಿ ಬಿಟ್ಟರೆ ಏನು ಬಂತು ಎನ್ನುವವರಿಗೆ ಉತ್ತರ ರಿಚರ್ಡ್ ಡಾಲ್ ಎಂಬ ವೈದ್ಯರಿಂದ ಬಂತು. 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ ಜೊತೆ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದವರು ಅವರು. ಸ್ವತಃ ಸೇದುತ್ತಿದ್ದವರು ಆ ಅಧ್ಯಯನದ ನಡುವೆಯೇ ಬಿಟ್ಟರು. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿ 2004ರಲ್ಲಿ ಅವರ ತಂಡ ಹೇಳಿದ ಲೆಕ್ಕ: ಅರವತ್ತರಲ್ಲಿ ಬಿಟ್ಟವರಿಗೂ ಸುಮಾರು 3 ವರ್ಷ ಆಯುಸ್ಸು ಹೆಚ್ಚು, ಐವತ್ತರಲ್ಲಿ ಬಿಟ್ಟರೆ 6, ನಲವತ್ತರಲ್ಲಿ 9, ಮೂವತ್ತರಲ್ಲಿ 10.

ಆದ್ದರಿಂದ ಗೆಳತಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಬಿಟ್ಟು ಏದುಸಿರು ಬಿಡುತ್ತಿದ್ದರೆ "ಒಂದು ಸೇದಿ ನೋಡಿ" ಎಂಬ ಮಾತು ಹೊಸಿಲು ದಾಟಿ ಒಳಗೆ ಬರದಿರಲಿ. ಹಾಗೆಂದು ಬಿಟ್ಟದ್ದರ ಪರಿಣಾಮವೆಂದು ಸುಮ್ಮನೆಯೂ ಕೂರಬೇಡಿ; ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ದಮ್ಮು ಹೃದಯದ್ದೋ ಶ್ವಾಸಕೋಶದ್ದೋ ಡಾಕ್ಟರೇ ಹೇಳಬೇಕು. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಊದುಕೊಳವೆ ಹಿಡಿದವರು ನೀವಾಗಿದ್ದರೆ, ಅವರನ್ನು ಕರೆದುಕೊಂಡು ಹೋದ ದಿನ ನೀವೂ ಒಮ್ಮೆ ಆ ಕೊಳವೆಗೆ ಊದಿ ಬನ್ನಿ. ಆ ಹೊಗೆಯೂ ಉಸಿರಿನ ಬಲವನ್ನು ಹೀಗೆಯೇ ಸದ್ದಿಲ್ಲದೆ ತೆಗೆದುಕೊಂಡು ಹೋಗುತ್ತದೆ.