ನಾಯಿ ಜೊತೆ ಕಾಫಿ ಬೆಟ್ಟ ಸುತ್ತೋರಿಗೆ: ಎಲ್ಲಿ ಬಿಡ್ತಾರೆ, ಎಲ್ಲಿ ಬಿಡಲ್ಲ, ಏನು ನೋಡ್ಕೋಬೇಕು

ಚಿಕ್ಕಮಗಳೂರು: ವೀಕೆಂಡ್ ಬಂತಂದ್ರೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ರಸ್ತೆಗಳಲ್ಲಿ ಓಡಾಡುವ ಕಾರುಗಳ ಕಿಟಕಿಯಲ್ಲಿ ಈಗ ನಾಯಿ ಮುಖಗಳೂ ಕಾಣ್ತವೆ. ಹೊರಗಿನವರು ಮಾತ್ರ ಅಲ್ಲ, ನಮ್ಮ ತಾಲ್ಲೂಕಿನವರೂ ಭಾನುವಾರ ನಾಯಿ ಕರ್ಕೊಂಡು ಗುಡ್ಡದ ಕಡೆ ಹೊರಡ್ತಾರೆ. ಮಲೆನಾಡಿಗೆ ಇದು ಹೊಸದೇನಲ್ಲ. ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' ಓದಿದವರಿಗೆ ಕಿವಿ ಅನ್ನೋ ನಾಯಿಯ ಪರಿಚಯ ಇದ್ದೇ ಇರುತ್ತೆ. ಆದರೆ ತೋಟದ ನಾಯಿ ತೋಟದಲ್ಲಿ ಅಲೆಯೋದು ಬೇರೆ, ಮನೆಯೊಳಗೆ ಬೆಳೆದ ನಾಯಿಯನ್ನ ಕಾಡಂಚಿಗೆ ಇಳಿಸೋದು ಬೇರೆ. ಹೋಗುವ ಮುಂಚೆ ತಿಳಿದಿರಬೇಕಾದ ವಿಚಾರಗಳು ಇಲ್ಲಿವೆ.

ಎಲ್ಲಿ ಬಿಡಲ್ಲ

ಮೊದಲು ಇದೇ ಗೊತ್ತಾಗಬೇಕು, ಯಾಕಂದ್ರೆ ಚೆಕ್‌ಪೋಸ್ಟ್ ತನಕ ಹೋಗಿ ವಾಪಸ್ ಬರೋರೇ ಜಾಸ್ತಿ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿದೆ. ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಇವೆರಡರ ಒಳಗೂ ಸಾಕು ನಾಯಿ ಒಯ್ಯುವಂತಿಲ್ಲ. ಅಂದ್ರೆ ಕಳಸ ಕಡೆಯ ಕುದುರೆಮುಖ ಶಿಖರದ ಚಾರಣ, ಮುತ್ತೋಡಿ ಸಫಾರಿ, ಕೆಮ್ಮಣ್ಣುಗುಂಡಿ ಕೆಳಗಿನ ಹೆಬ್ಬೆ ಜಲಪಾತ, ಇವು ಮೂರೂ ನಾಯಿ ಇದ್ದವರ ಪಟ್ಟಿಯಿಂದ ಹೊರಗೆ. ಅರಣ್ಯ ಇಲಾಖೆಯ ಚಾರಣದ ಟಿಕೆಟ್ ಮನುಷ್ಯರಿಗೆ ಮಾತ್ರ.

ಇದಕ್ಕೆ ಕಾರಣ ಬರೀ ಗಲಾಟೆ ಅಲ್ಲ. ಲಸಿಕೆ ಆಗದ ನಾಯಿಯಿಂದ ಡಿಸ್ಟೆಂಪರ್ ಅನ್ನೋ ವೈರಸ್ ಕಾಡುಪ್ರಾಣಿಗೆ ಹರಡಬಹುದು. 2018ರಲ್ಲಿ ಗುಜರಾತಿನ ಗಿರ್ ಕಾಡಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಪತ್ತೆಯಾದ ರೋಗಗಳಲ್ಲಿ ಇದೂ ಒಂದು. ನಮ್ಮ ಕಾಡಿನ ಸೀಳುನಾಯಿ ಅಂತೂ ನಾಯಿಯ ಹತ್ತಿರದ ನೆಂಟ. ಇನ್ನೊಂದು ವಿಷಯ, ನಾಯಿ ಮೊಲವನ್ನೋ ಜಿಂಕೆಯನ್ನೋ ಅಟ್ಟಿಸಿಕೊಂಡು ಹೋಗಿ ಹಿಡಿದರೆ 'ನಾಯಿಗೆ ಏನು ಗೊತ್ತು' ಅನ್ನೋ ಮಾತು ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಯ ಕೇಸು ಮಾಲೀಕನ ತಲೆಗೇ ಸುತ್ತಿಕೊಳ್ಳಬಹುದು.

ದೇವಸ್ಥಾನದ ವಿಷಯ ಹೇಳಬೇಕಿಲ್ಲ. ಪಟದಲ್ಲಿ ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿ ಇದ್ದರೂ ಕಳಸದ ಕಳಸೇಶ್ವರ, ಹೊರನಾಡು ಅನ್ನಪೂರ್ಣೇಶ್ವರಿ ಗುಡಿಯೊಳಗೆ ನಾಯಿ ಹೋಗೋ ಹಾಗಿಲ್ಲ. ದರ್ಶನಕ್ಕೆ ಹೋಗೋರು ಗ್ಲಾಸು ಏರಿಸಿದ ಕಾರಲ್ಲಿ ನಾಯಿ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರು ಅರ್ಧ ಗಂಟೆಯೊಳಗೆ ಒಲೆ ಆಗುತ್ತೆ. ಒಬ್ಬರು ಹೊರಗೆ ನಾಯಿ ಜೊತೆ ನಿಲ್ಲಲಿ, ಇನ್ನೊಬ್ಬರು ಹೋಗಿ ಬರಲಿ.

ಎಲ್ಲಿ ಹೋಗಬಹುದು

ನಾಯಿಗೆ ನಿಜವಾಗಿ ಚೆನ್ನಾಗಿರೋದು ಹೆಸರಾಂತ ಸ್ಪಾಟ್‌ಗಳಲ್ಲ, ತೋಟದ ದಾರಿಗಳು. ನೆರಳು ಇರುತ್ತೆ, ನೆಲ ಮೆತ್ತಗಿರುತ್ತೆ, ವಾಹನ ಕಡಿಮೆ. ಆದರೆ ತೋಟ ಯಾರದ್ದೋ ಇರುತ್ತೆ, ಕೇಳಿಯೇ ಹೋಗಿ. ಬಯಲುಸೀಮೆ ಕಡೆ ಸಖರಾಯಪಟ್ಟಣದ ಅಯ್ಯನಕೆರೆ ಏರಿ ಬೆಳಗಿನ ನಡಿಗೆಗೆ ಒಳ್ಳೇ ಜಾಗ. ಹಿರೇಕೊಳಲೆ ಕೆರೆ ದಡದಲ್ಲಿ ಓಡಾಡಿಸಬಹುದು, ನೀರಿಗೆ ಮಾತ್ರ ಇಳಿಸಬೇಡಿ. ಅದು ಚಿಕ್ಕಮಗಳೂರು ನಗರದವರು ಕುಡಿಯೋ ನೀರು.

ಮುಳ್ಳಯ್ಯನಗಿರಿಗೆ (1,930 ಮೀಟರ್) ನಾಯಿ ಕರ್ಕೊಂಡು ಹೋಗೋರು ಇದ್ದಾರೆ. ಚೆಕ್‌ಪೋಸ್ಟ್ ಸಿಬ್ಬಂದಿ ಅವತ್ತು ಏನು ಹೇಳ್ತಾರೋ ಅದೇ ಕೊನೆ ಮಾತು. ಬಿಟ್ಟರೂ ಶನಿವಾರ, ಭಾನುವಾರ ಬೇಡ. ಮೆಟ್ಟಿಲ ಮೇಲೆ ಜನಜಂಗುಳಿ, ಮಕ್ಕಳು, ಪಕ್ಕದಲ್ಲಿ ಪ್ರಪಾತ. ಮಂಜು ಮುಚ್ಚಿದಾಗ ಹತ್ತು ಹೆಜ್ಜೆ ಮುಂದಿರೋ ನಾಯಿ ಕಾಣಲ್ಲ. ಅಲ್ಲಿನ ಗಾಳಿ, ಚಳಿ ಮುಧೋಳದಂಥ ತೆಳು ಕೂದಲಿನ ನಾಯಿಗೆ ಒಗ್ಗಲ್ಲ. ಮುಧೋಳ ನಾಯಿಗೆ ಕಣ್ಣಿಗೆ ಬಿದ್ದದ್ದನ್ನ ಅಟ್ಟೋದೇ ಹುಟ್ಟುಗುಣ, ಬೆಲ್ಟ್ ಬಿಚ್ಚಿದರೆ ಕೂಗಿದರೂ ನಿಲ್ಲಲ್ಲ.

ಕಳಸದಲ್ಲಿ ಭದ್ರಾ ಹೊಳೆ ನೋಡಿದ ತಕ್ಷಣ ನಾಯಿಗೆ ಈಜಾಸೆ. ಬೇಸಿಗೆಯಲ್ಲಿ ಆಳ ಇಲ್ಲದ ಕಡೆ ಪರವಾಗಿಲ್ಲ. ಮಳೆಗಾಲದಲ್ಲಿ ಮೇಲೆ ಎಲ್ಲೋ ಮಳೆ ಹೊಡೆದರೆ ಇಲ್ಲಿ ನೀರು ಏರುತ್ತೆ. ನಾಯಿ ತೇಲಿ ಹೋಯ್ತು ಅಂತ ಹಿಂದೆಯೇ ಧುಮುಕೋ ಮಾಲೀಕನಿಗೇ ಹೆಚ್ಚು ಅಪಾಯ.

ಆನೆ, ಚಿರತೆ, ಉರುಳು

ಮೂಡಿಗೆರೆ, ಆಲ್ದೂರು ಭಾಗದವರಿಗೆ ಆನೆ ಬಗ್ಗೆ ಪಾಠ ಹೇಳೋ ಅಗತ್ಯ ಇಲ್ಲ. ಆದರೆ ನಾಯಿ ಜೊತೆಗಿದ್ದಾಗ ಲೆಕ್ಕ ಬದಲಾಗುತ್ತೆ. ನಾಯಿ ಆನೆ ಕಂಡು ಬೊಗಳುತ್ತೆ, ಆನೆ ಅಟ್ಟುತ್ತೆ, ನಾಯಿ ಓಡಿ ಬರೋದು ಸೀದಾ ಯಜಮಾನನ ಕಾಲ ಹತ್ರ. ಹಿಂದೆ ಆನೆ. ಕಾಟಿ, ಮರಿ ಇರೋ ಹಂದಿ ವಿಷಯದಲ್ಲೂ ಇದೇ ಕತೆ. ಹಾಗಾಗಿ ಕಾಡಂಚಿನ ದಾರಿಯಲ್ಲಿ ಬೆಲ್ಟ್ ಕೈಯಲ್ಲೇ ಇರಬೇಕು. ಹೊರಡೋ ಮುಂಚೆ ಆ ಊರಿನವರನ್ನ, ಇಲ್ಲಾ ಆನೆ ಕಾರ್ಯಪಡೆಯವರ ವಾಟ್ಸಾಪ್ ಗ್ರೂಪ್‌ನಲ್ಲಿ ಇರೋರನ್ನ ಒಂದು ಮಾತು ಕೇಳಿ. ಅರಣ್ಯ ಇಲಾಖೆ ಸಹಾಯವಾಣಿ 1926.

ಚಿರತೆಗೆ ನಾಯಿ ಅಂದ್ರೆ ಊಟ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟೋದು ಚಿರತೆ ಕುತ್ತಿಗೆಗೇ ಬಾಯಿ ಹಾಕೋದ್ರಿಂದ. ನಮ್ಮಲ್ಲಿ ಸರಳ ಉಪಾಯ ಸಾಕು: ಸಂಜೆ ಆರರ ಮೇಲೆ, ಬೆಳಕು ಹರಿಯೋ ಮುಂಚೆ ನಾಯಿ ಜೊತೆ ನಡಿಗೆ ಬೇಡ. ರಾತ್ರಿ ಹೋಂಸ್ಟೇ ಜಗಲಿಯಲ್ಲಿ ಕಟ್ಟಿ ಮಲಗೋದಂತೂ ಬೇಡವೇ ಬೇಡ. ಕಟ್ಟಿದ ನಾಯಿಗೆ ಓಡೋಕೂ ಆಗಲ್ಲ. ಒಳಗೆ ಕರ್ಕೊಳ್ಳಿ, ಇಲ್ಲಾ ಬಾಗಿಲಿರೋ ಗೂಡಿಗೆ ಹಾಕಿ.

ಪ್ರವಾಸಿಗರಿಗೆ ಯಾರೂ ಹೇಳದ ಅಪಾಯ ಇನ್ನೊಂದಿದೆ. ಕೆಲವು ಕಡೆ ತೋಟದ ಬೇಲಿ, ಗದ್ದೆ ಅಂಚಲ್ಲಿ ಹಂದಿಗೆ ಅಂತ ತಂತಿ ಉರುಳು ಹಾಕಿರ್ತಾರೆ, ಸಿಡಿಮದ್ದಿನ ಉಂಡೆ ಇಟ್ಟಿರ್ತಾರೆ, ಬೇಲಿಗೆ ಕದ್ದು ಕರೆಂಟ್ ಕೊಟ್ಟಿರ್ತಾರೆ. ಮೂರೂ ಕಾನೂನುಬಾಹಿರ. ಉಂಡೆ ಕಚ್ಚಿದ ನಾಯಿಯ ದವಡೆ ಉಳಿಯಲ್ಲ. ಉರುಳಿಗೆ ಬಿದ್ದರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತೆ. ನಾಯಿ ತಲೆ ಮೇಲೆ ಬಟ್ಟೆ ಹಾಕಿ, ಮೊದಲು ತಂತಿ ಸಡಿಲ ಮಾಡಿ, ಆಮೇಲೆ ಕತ್ತರಿಸಿ. ಬ್ಯಾಗಲ್ಲಿ ಒಂದು ಕಟಿಂಗ್ ಪ್ಲೇಯರ್ ಇಟ್ಟುಕೊಳ್ಳೋದು ತಮಾಷೆ ವಿಷಯ ಅಲ್ಲ.

ಉಣುಗು ಮತ್ತು ಮಂಗನ ಕಾಯಿಲೆ

ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆದದ್ದು. ಇದನ್ನ ಹರಡೋದು ಕಾಡಿನ ಉಣುಗು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಜೋರು, ಅಂದ್ರೆ ಪ್ರವಾಸಕ್ಕೆ ಹಿತವಾದ ಹವೆ ಇರೋ ಕಾಲದಲ್ಲೇ. ನಮ್ಮ ಜಿಲ್ಲೆಯಲ್ಲಿ ಕೊಪ್ಪ, ಎನ್‌.ಆರ್‌.ಪುರ ಕಡೆ ಈಚಿನ ವರ್ಷಗಳಲ್ಲೂ ಪ್ರಕರಣ ಬಂದಿವೆ. ನಾಯಿಗೆ ಈ ಕಾಯಿಲೆ ಬರುತ್ತೆ ಅಂತಲ್ಲ, ಪೊದೆಯಲ್ಲಿ ನುಗ್ಗಿ ಬಂದ ನಾಯಿ ಮೈಮೇಲೆ ಉಣುಗನ್ನ ಮನೆ ಒಳಗೆ, ಮಂಚದ ತನಕ ತರುತ್ತೆ ಅನ್ನೋದು ಸಮಸ್ಯೆ. ಸತ್ತ ಮಂಗ ಕಂಡರೆ ನಾಯಿಯನ್ನ ಹತ್ತಿರಕ್ಕೂ ಬಿಡದೆ ವಾಪಸ್ ತಿರುಗಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ವಾಪಸ್ ಬಂದ ಮೇಲೆ ಕೆಲವು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ನಾಯಿಗೂ ಉಣುಗಿನಿಂದ ಬೇರೆ ರೋಗ ಬರ್ತವೆ, ಎರ್ಲಿಕಿಯಾ, ಬಬೇಸಿಯಾ ಅಂತ. ಊಟ ಬಿಡೋದು, ಒಸಡು ಬಿಳಿಚೋದು, ಮೂಗಲ್ಲಿ ರಕ್ತ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಆಗೋದು ಲಕ್ಷಣ. ತಡ ಮಾಡಿದರೆ ಉಳಿಯೋದು ಕಷ್ಟ. ಹಾಗಾಗಿ ಕಾರು ಹತ್ತಿಸೋ ಮುಂಚೆಯೇ ಕಿವಿ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ ನೋಡಿ. ಉಣುಗನ್ನ ಚಿಮಟದಿಂದ ಚರ್ಮಕ್ಕೆ ತಾಗೋ ಹಾಗೆ ಹಿಡಿದು ನೇರ ಎಳೀಬೇಕು. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಉಗುರಲ್ಲಿ ಚಿವುಟಿ ಕೊಲ್ಲೋ ಅಭ್ಯಾಸ ಅಂತೂ ಬಿಡಲೇಬೇಕು. ಆರೋಗ್ಯ ಇಲಾಖೆ ಹಂಚೋ ಡೇಪಾ ಎಣ್ಣೆ ಮನುಷ್ಯರ ಚರ್ಮಕ್ಕೆ, ನಾಯಿಗೆ ಹಚ್ಚಿದರೆ ಅದು ನೆಕ್ಕುತ್ತೆ. ದನಕ್ಕೆ ಅಂತ ತಂದ ಐವರ್‌ಮೆಕ್ಟಿನ್ ಅಂದಾಜಿಗೆ ಚುಚ್ಚಬೇಡಿ, ಕಾಲಿ ಥರದ ತಳಿಗಳಿಗೆ ಅದು ವಿಷ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರೋ ನಾಯಿ ಔಷಧಿ ತರಬೇಡಿ, ಬೆಕ್ಕು ಸಾಯುತ್ತೆ. ಪಶು ವೈದ್ಯರು ತೂಕ ನೋಡಿ ಕೊಡೋ ಮಾತ್ರೆ, ಹನಿ ಔಷಧಿಯೇ ಸರಿ.

ಜಿಗಣೆ

ಜೂನ್‌ನಿಂದ ಅಕ್ಟೋಬರ್ ಇದರ ಕಾಲ. ಕಾಲಿಗೆ ಹತ್ತಿದ್ದು ದೊಡ್ಡ ವಿಷಯ ಅಲ್ಲ, ಚೂರು ಉಪ್ಪು ಮುಟ್ಟಿಸಿದರೆ ಬಿಡುತ್ತೆ, ಆಮೇಲೆ ಉಪ್ಪು ತೊಳೀರಿ. ಹೊಗೆಸೊಪ್ಪಿನ ನೀರು ನಮ್ಮ ಕಾಲಿಗೆ ಸರಿ, ನಾಯಿಗೆ ಬೇಡ, ನೆಕ್ಕಿದರೆ ನಿಕೋಟಿನ್ ಹೊಟ್ಟೆಗೆ ಹೋಗುತ್ತೆ. ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಸೇರಿದ ಜಿಗಣೆಯೇ ಕಾಟ. ದಿನಗಟ್ಟಲೆ ಸೀನು, ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಅದೇ ಅಂತ ಅನುಮಾನ ಪಡಿ, ವೈದ್ಯರ ಹತ್ರ ತೆಗೆಸಿ. ಕುಡಿಯೋ ನೀರನ್ನ ಮನೆಯಿಂದಲೇ ಒಯ್ದರೆ ಈ ತಲೆನೋವೂ ಇಲ್ಲ, ಇಲಿ ಮೂತ್ರದಿಂದ ಹರಡೋ ಇಲಿಜ್ವರದ ಭಯವೂ ಕಡಿಮೆ.

ತೋಟದೊಳಗಿನ ವಿಷ

ಮಳೆಗಾಲದ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಸಿಂಪಡಿಸ್ತಾರೆ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರನ್ನ ಬಾಯಾರಿದ ನಾಯಿ ಕುಡಿದುಬಿಡುತ್ತೆ. ಕಳೆನಾಶಕ ಹೊಡೆದ ಜಾಗ, ಗೋಡೌನ್ ಪಕ್ಕದ ಇಲಿಪಾಷಾಣ ಕೂಡ ಹಾಗೇ. ಮೇಸ್ತ್ರಿಯನ್ನ 'ಈ ವಾರ ಏನಾದ್ರೂ ಹೊಡೆದಿದ್ದೀರಾ' ಅಂತ ಕೇಳಿದರೆ ಮುಗೀತು. ಕುಯ್ಲಿನ ಸಮಯದಲ್ಲಿ ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಸಿಹಿ ವಾಸನೆಗೆ ಬಾಯಿ ಹಾಕೋ ನಾಯಿಗಳಿವೆ. ಕೆಫೀನ್ ನಾಯಿಗೆ ವಿಷ: ಏದುಸಿರು, ನಡುಕ, ಎದೆಬಡಿತ ಜೋರು. ಚಿಕ್ಕಮಗಳೂರಿನ ಹೋಂಮೇಡ್ ಚಾಕೊಲೇಟ್‌ನಲ್ಲೂ ಅದೇ ಜಾತಿಯ ವಿಷ ಇದೆ. ಒಣದ್ರಾಕ್ಷಿಯೂ ಕೊಡಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಬಿಟ್ಟಾಗ ಜೇನು ಹೆಚ್ಚು. ಮರದಲ್ಲಿ ಹೆಜ್ಜೇನು ಕಟ್ಟಿದ ಕಡೆ ಬೊಗಳೋ ನಾಯಿ ಒಯ್ಯಬೇಡಿ.

ಅಂಗಡಿ, ಹೋಂಸ್ಟೇಯವರಿಗೆ

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿಯೋ ಗಿರಾಕಿ ನಾಯಿಗೂ ಏನಾದ್ರೂ ಕೇಳ್ತಾನೆ. ಉಪ್ಪು, ಈರುಳ್ಳಿ ಹಾಕದ ಅನ್ನ, ಬೇಯಿಸಿದ ಮೊಟ್ಟೆ ಸಾಕು. ಬಾಗಿಲ ಬಳಿ ಒಂದು ಬೋಗುಣಿ ನೀರಿಟ್ಟರೆ ಗಿರಾಕಿ ನಿಲ್ತಾನೆ. ಚಾರ್ಮಾಡಿ ಇಳಿಯೋರು ನಾಯಿಗೆ ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಿದರೆ ಮೂರನೇ ತಿರುವಲ್ಲೇ ಸೀಟೆಲ್ಲ ವಾಂತಿ. ಹೊರಡೋಕೆ ಮೂರು ಗಂಟೆ ಮುಂಚೆ ಊಟ ಮುಗಿಸಬೇಕು.

ಹೋಂಸ್ಟೇಯವರು ನಾಯಿಗೆ ಹೂಂ ಅನ್ನೋ ಮುಂಚೆ ರೇಬೀಸ್ ಲಸಿಕೆಯ ಪುಸ್ತಕ ನೋಡಲಿ. ತಮ್ಮ ತೋಟದ ನಾಯಿ ಎಷ್ಟು ಗಂಟೆಗೆ ಬಿಡ್ತೀವಿ ಅಂತ ಮೊದಲೇ ಹೇಳಲಿ, ಇಲ್ಲಾಂದ್ರೆ ರಾತ್ರಿ ಜಗಳ ಖಂಡಿತ. ಲೈನ್‌ಮನೆ ಕಡೆ ಆಡೋ ಮಕ್ಕಳಿಗೆ ಅತಿಥಿಯ ನಾಯಿ ಕಚ್ಚಿದರೆ 'ಸಾಕಿದ್ದು, ಏನಾಗಲ್ಲ' ಅಂತ ಕಳಿಸಬೇಡಿ. 15 ನಿಮಿಷ ಹರಿಯೋ ನೀರು, ಸೋಪಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಲಸಿಕೆ ಉಚಿತ.

ಘಾಟಿಯಲ್ಲಿ ನಾಯಿ ಇಳಿಸಿ ಕಾರು ಹತ್ತೋರ ಬಗ್ಗೆಯೂ ಒಂದು ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕುಪ್ರಾಣಿ ಬಿಟ್ಟು ಹೋಗೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ಈಗಿನ ಲೆಕ್ಕದಲ್ಲಿ ಎರಡು ಕಾಫಿ ಕಾಸು. ಆದರೂ ಕಾರಿನ ನಂಬರ್ ಬರೆದಿಟ್ಟು ಠಾಣೆಗೆ ತಿಳಿಸಿದರೆ ದೂರು ಆಗುತ್ತೆ.

ತುರ್ತಿಗೆ

ಪಶು ಸಹಾಯವಾಣಿ 1962. ತಾಲ್ಲೂಕು ಕೇಂದ್ರದಲ್ಲಿ ಪಶು ಆಸ್ಪತ್ರೆ ಇದೆ, ಭಾನುವಾರ ವೈದ್ಯರು ಎಷ್ಟು ಹೊತ್ತು ಸಿಗ್ತಾರೆ ಅಂತ ಶನಿವಾರವೇ ವಿಚಾರಿಸಿ. ಹಾವು ಕಚ್ಚಿದರೆ ಗಾಯ ಕೊಯ್ಯೋದು, ಕಟ್ಟೋದು ಬೇಡ, ನಾಯಿಯನ್ನ ನಡೆಸದೆ ಎತ್ತಿಕೊಂಡು ಬನ್ನಿ. ಸಂಸೆ, ಕಳಸ ಮೇಲಿನ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ, ನಂಬರ್‌ಗಳನ್ನ ಚೀಟಿಯಲ್ಲಿ ಬರೆದು ಬೆಲ್ಟಿನ ಪೌಚಲ್ಲೇ ಇಡಿ. ನಾಯಿ ತಪ್ಪಿಸಿಕೊಂಡರೆ ಸಿಕ್ಕಿದವರಿಗೂ ಅದೇ ಚೀಟಿ ಬೇಕಾಗುತ್ತೆ, ಮಾಲೀಕರ ನಂಬರೂ ಅದರಲ್ಲಿರಲಿ.