ಫ್ಲೋರೋಸಿಸ್: ಮಾರಿಕಣಿವೆ ಸೀಮೆಯ ನೀರು ಮತ್ತು ಅಸ್ಥಿ

ಕುಡಿಯುವ ನೀರು ಮತ್ತು ಆಹಾರಗಳ ಮೂಲಕ ಫ್ಲೋರೈಡ್ ಎಂಬ ಲವಣಾಂಶವು ವರ್ಷಗಟ್ಟಲೆ ಮಿತಿಮೀರಿ ದೇಹವನ್ನು ಸೇರುವುದರಿಂದ ಹಲ್ಲು, ಮೂಳೆ, ಕೀಲುಗಳಲ್ಲಿ ತಲೆದೋರುವ ವಿಕಾರಕ್ಕೆ ಫ್ಲೋರೋಸಿಸ್ ಎಂದು ಹೆಸರು. ಚಿತ್ರದುರ್ಗ ಜಿಲ್ಲೆಯಲ್ಲಿ, ಮಾರಿಕಣಿವೆಯ ಸುತ್ತಣ ಬಯಲುನಾಡೂ ಸೇರಿದಂತೆ, ಕೊಳವೆಬಾವಿಯನ್ನೇ ನಂಬಿ ಬಾಳುವ ಅನೇಕ ಗ್ರಾಮಗಳಿಗೆ ಇದು ಪರಿಚಿತ ಪೀಡೆ.

ನೆಲದ ಗುಣವು ಅನ್ನೋದಕಗಳ ಮಾರ್ಗವಾಗಿ ಮನುಷ್ಯನ ಶರೀರಕ್ಕೆ ಇಳಿಯುವುದಕ್ಕೆ ಬೇರೆ ದೃಷ್ಟಾಂತಗಳೂ ಉಂಟು. ಚೀನಾ ದೇಶದ ಕೇಶಾನ್ ಪ್ರಾಂತದಲ್ಲಿ ಮಣ್ಣಿನ ಸೆಲೆನಿಯಮ್ ಸಾಲದೆ ಹೃದಯದ ಸ್ನಾಯುವನ್ನು ಶಿಥಿಲಗೊಳಿಸುವ ರೋಗವು ಕಾಣಿಸಿಕೊಂಡಿತು. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ ಸೀಮೆಯ ಕೆಲವು ಹಳ್ಳಿಗಳಲ್ಲಿ ಅದೇ ಧಾತುವು ಅತಿಯಾಗಿ ಜನರ ಕೂದಲು ಉಗುರುಗಳೂ ದನಗಳ ಗೊರಸುಗಳೂ ಕೆಟ್ಟವು. ಫ್ಲೋರೈಡಿನ ಸ್ವಭಾವವೂ ಇಂಥದೇ: ಅಲ್ಪವಾಗಿದ್ದರೆ ದಂತಕ್ಷಯವನ್ನು ತಡೆಯುತ್ತದೆ, ಹೆಚ್ಚಾದರೆ ದಂತವನ್ನೇ ಕೆಡಿಸುತ್ತದೆ.

ಚಿತ್ರದುರ್ಗ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಮಳೆ ವಿರಳವಾಗಿ ಬಿಸಿಲು ತೀವ್ರವಾಗಿರುವ ಇಂಥ ನೆಲದಲ್ಲಿ, ಬಂಡೆಯ ಬಿರುಕುಗಳೊಳಗೆ ಬಹುಕಾಲ ನಿಂತ ನೀರು ಕ್ಷಾರಗುಣವನ್ನು ಪಡೆದು, ತನ್ನಲ್ಲಿದ್ದ ಸುಣ್ಣದ ಅಂಶವನ್ನು ಕಳೆದುಕೊಂಡು, ಅದರ ಸ್ಥಾನದಲ್ಲಿ ಫ್ಲೋರೈಡನ್ನು ಯಥೇಚ್ಛವಾಗಿ ಕರಗಿಸಿಕೊಳ್ಳುತ್ತದೆ. ಕೆರೆಯ ನೀರಿಗೂ ತೆರೆದ ಬಾವಿಯ ನೀರಿಗೂ ಪ್ರತಿವರ್ಷವೂ ಹೊಸ ಮಳೆಯ ನೀರು ಬೆರೆಯುತ್ತಿತ್ತು. ಅವು ಬತ್ತಿದ ಮೇಲೆ ನೂರಾರು ಅಡಿ ಆಳದಿಂದ ಎತ್ತಿದ ನೀರಿಗೆ ಆ ಉಪಕಾರ ದೊರೆಯುವುದು ಕಡಿಮೆ. ದುರ್ದೈವವೆಂದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸವುಳು ನೀರನ್ನು ನಾಲಗೆಯೇ ಗುರುತಿಸಿ ತಿರಸ್ಕರಿಸುವಂತೆ ಇದನ್ನು ತಿರಸ್ಕರಿಸಲಾಗದು.

ಭಾರತೀಯ ಮಾನಕ ಸಂಸ್ಥೆಯು ಲೀಟರಿಗೆ 1 ಮಿಲಿಗ್ರಾಮನ್ನು ಉಚಿತ ಪ್ರಮಾಣವೆಂದೂ, ಬೇರೆ ಜಲಮೂಲವಿಲ್ಲದಲ್ಲಿ 1.5 ಮಿಲಿಗ್ರಾಮನ್ನು ಪರಮಾವಧಿಯೆಂದೂ ವಿಧಿಸಿದೆ. ಆದರೆ ದೇಹವು ಎಣಿಸುವುದು ಲೀಟರನ್ನಲ್ಲ, ದಿನದ ಒಟ್ಟು ಮೊತ್ತವನ್ನು. ಲೀಟರಿಗೆ 3 ಮಿಲಿಗ್ರಾಮ್ ಇರುವ ನೀರನ್ನು ಬೇಸಗೆಯ ಹೊಲದಲ್ಲಿ ದುಡಿಯುವವನು ದಿನಕ್ಕೆ 4 ಲೀಟರ್ ಕುಡಿದರೆ 12 ಮಿಲಿಗ್ರಾಮ್ ಒಳಸೇರಿತು. ದಿನಕ್ಕೆ 6 ಮಿಲಿಗ್ರಾಮ್ ಮೀರಿದಲ್ಲಿಯೇ ಮೂಳೆಗೆ ಅಪಾಯದ ಸೂಚನೆಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಇದರ ಮೇಲೆ ಅಡಿಗೆಯ ನೀರು ಬೇರೆ. ಮುದ್ದೆಗೆ ಇಟ್ಟ ಎಸರು ಕುದಿದು ಆವಿಯಾಗಿ ಇಳಿದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಅಕ್ಕಿಯ ಗಂಜಿಯನ್ನಾದರೂ ಬಸಿಯಬಹುದು, ಮುದ್ದೆಯಲ್ಲಿ ಬಸಿಯುವುದೆಂಬುದಿಲ್ಲ, ಎಸರೆಲ್ಲವೂ ಹಿಟ್ಟಿನೊಳಗೇ ಹೋಗಬೇಕು. ಹಾಗೆಂದು ರಾಗಿಯನ್ನು ದೂರುವುದು ಅನ್ಯಾಯ. ಸುಣ್ಣಾಂಶ ಸಮೃದ್ಧವಾದ ಆ ಧಾನ್ಯವೂ ಹಾಲು ಮಜ್ಜಿಗೆಗಳೂ ಫ್ಲೋರೈಡಿನ ಹೀರಿಕೆಯನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆ. ಪುಷ್ಟಿಯಿಲ್ಲದ ಬಡವರಲ್ಲಿಯೇ ರೋಗವು ಉಗ್ರವಾಗುತ್ತದೆ.

ಶರೀರವನ್ನು ಹೊಕ್ಕ ಫ್ಲೋರೈಡಿನಲ್ಲಿ ಸುಮಾರು ಅರ್ಧಭಾಗವನ್ನು ವಯಸ್ಕರ ಮೂತ್ರಪಿಂಡಗಳು ಹೊರಹಾಕುತ್ತವೆ; ಉಳಿದುದು ಮೂಳೆಯಲ್ಲಿ ನೆಲೆಸುತ್ತದೆ. ಮಕ್ಕಳ ಹಲ್ಲಿನ ಮೇಲೆ ಮೊದಲು ಸೀಮೆಸುಣ್ಣದಂಥ ಬಿಳಿಯ ಮಚ್ಚೆ, ಆಮೇಲೆ ಕಂದುಗೆರೆ. ವಯಸ್ಕರಲ್ಲಿ ಹತ್ತಾರು ವರ್ಷಗಳ ತರುವಾಯ ಸೊಂಟ, ಕತ್ತುಗಳ ಬಿಗಿತವಾಗಿ ವ್ಯಾಧಿಯು ಪ್ರಕಟವಾಗುತ್ತದೆ. ಬೆನ್ನು ಬಾಗದು, ಕುಕ್ಕರುಗಾಲಿನಲ್ಲಿ ಕೂರಲಾಗದು, ಹಿಂದೆ ಕರೆದವರತ್ತ ನೋಡಬೇಕಾದರೆ ಮೈಯನ್ನೇ ತಿರುಗಿಸಬೇಕು. ಎಕ್ಸ್‌ರೇ ಚಿತ್ರದಲ್ಲಿ ಮುಂಗೈಯ ಎರಡು ಮೂಳೆಗಳ ನಡುವಣ ಪೊರೆಯೂ ಬೆನ್ನೆಲುಬಿನ ಕಟ್ಟುಗಳೂ ಸುಣ್ಣಗಟ್ಟಿರುವುದು ಕಾಣುತ್ತದೆ. ಇದನ್ನು ಮುಪ್ಪಿನ ವಾತವೆಂದೇ ಬಗೆದು ಸುಮ್ಮನಿದ್ದವರು ಎಷ್ಟೋ ಮಂದಿ. ಭಾರತದಲ್ಲಿ ಇದರ ಮೊದಲ ವಿಶದವಾದ ವರದಿಯನ್ನು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಪ್ರಕಟಿಸಿದರು.

ಪರಿಹಾರಗಳಲ್ಲಿ ಪಟಿಕ ಮತ್ತು ಸುಣ್ಣಗಳಿಂದ ನೀರನ್ನು ತಿಳಿಗೊಳಿಸುವ ನಲ್ಗೊಂಡ ವಿಧಾನವೂ, ಈಗ ಹಳ್ಳಿಹಳ್ಳಿಯಲ್ಲಿ ಜನರು ಫಿಲ್ಟರ್ ನೀರೆಂದು ಕ್ಯಾನುಗಳಲ್ಲಿ ಹಿಡಿದೊಯ್ಯುವ ನೀರಿನ ಶುದ್ಧೀಕರಣ ಘಟಕಗಳೂ ಸೇರುತ್ತವೆ. ಆ ಘಟಕಗಳ ನೀರು ಕುಡಿಯುವುದಕ್ಕೆ ಒದಗಿದರೂ ಎಸರಿಗೆ ನಲ್ಲಿಯ ನೀರನ್ನೇ ಇಡುವ ಮನೆಯಲ್ಲಿ ಅರ್ಧ ರಕ್ಷಣೆ ಮಾತ್ರ. ಇವೆಲ್ಲಕ್ಕಿಂತ ಶ್ರೇಷ್ಠವಾದುದು ಮೇಲ್ಮೈ ಜಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಭದ್ರೆಯ ನೀರೂ ಈಗ ಅದಕ್ಕೆ ಹರಿದು ಬರುತ್ತಿದೆ. ಆ ಜಲಾಶಯದ ನೀರು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳನ್ನು ಮುಟ್ಟಿದಂತೆ ಕೊನೆಯ ಹಟ್ಟಿಯನ್ನೂ ಮುಟ್ಟುವುದು ನ್ಯಾಯ.

ಗಟ್ಟಿಯಾದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಶಾಶ್ವತ ಹಲ್ಲುಗಳ ಹೊರಪದರವು ರೂಪುಗೊಳ್ಳುವುದು ಬಹುಪಾಲು ಎಂಟು ವರ್ಷದೊಳಗೆ. ಆದಕಾರಣ ಮಗುವಿರುವ ಪ್ರತಿಯೊಂದು ಮನೆಯವರೂ ತಾವು ಬಳಸುವ ಕೊಳವೆಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕಳುಹಿಸತಕ್ಕದ್ದು.