ಪರಮ ಪ್ರಸಾದ ಮತ್ತು ಪಂಕ್ತಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ‘ಪ್ರಸಾದ’ ಎಂಬ ಮಾತಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಕಾಲಕಾಲೇಶ್ವರನ ಜಾತ್ರೆಗೆ ಹೋದವರಿಗೂ ಮಠದ ದಾಸೋಹದಲ್ಲಿ ಉಂಡವರಿಗೂ ಅದು ಗೊತ್ತು. ದೇವರಿಗೆ ಒಪ್ಪಿಸಿದ್ದು ದೇವರಿಂದ ಮರಳಿ ಬಂದರೆ ಅದು ಪ್ರಸಾದ. ಲಿಂಗಾಯತರ ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮ, ಪಾದೋದಕಗಳ ಸಾಲಿನಲ್ಲಿ ಪ್ರಸಾದವೂ ಇದೆ. ಕನ್ನಡ ಕಥೋಲಿಕರು ತಮ್ಮ ಆರಾಧನೆಯ ಕೇಂದ್ರವಾದ ಸಂಸ್ಕಾರವನ್ನು ಕರೆಯುವುದೂ ಇದೇ ಮಾತಿನಿಂದ: ‘ಪರಮ ಪ್ರಸಾದ’. ಅದು ನಡೆಯುವ ಆರಾಧನೆ ‘ಬಲಿಪೂಜೆ’. ಗದಗ ಜಿಲ್ಲೆಯ ಕಥೋಲಿಕರು ಸೇರುವುದು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ. ಸಂಖ್ಯೆಯಲ್ಲಿ ಅವರು ಚಿಕ್ಕ ಸಮುದಾಯ. ಆದರೆ ಅವರ ಬಾಯಲ್ಲಿರುವ ಈ ಪದಕ್ಕೆ ದೊಡ್ಡ ಚರಿತ್ರೆಯಿದೆ.

ಮೂಲ ಗ್ರೀಕ್ ಪದ ‘ಯೂಕರಿಸ್ತಿಯ’. ಅದರ ಅರ್ಥ ಕೃತಜ್ಞತೆ ಸಲ್ಲಿಸುವುದು. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು, ಇದು ನನ್ನ ಶರೀರವೆಂದು ಹಂಚಿದರು. ದ್ರಾಕ್ಷಾರಸದ ಪಾತ್ರೆಯನ್ನು ಇದು ನನ್ನ ರಕ್ತವೆಂದು ಕೊಟ್ಟರು. ಇದನ್ನು ಕಥೋಲಿಕರು ಬರೀ ನೆನಪಿನ ಆಚರಣೆಯಾಗಿ ನೋಡುವುದಿಲ್ಲ. ಗುರುಗಳು ಪೀಠದ ಮೇಲೆ ಆ ಮಾತುಗಳನ್ನಾಡಿದಾಗ ರೊಟ್ಟಿ, ರಸಗಳ ರೂಪ, ರುಚಿ ಹಾಗೇ ಉಳಿದರೂ ಅವುಗಳ ಸತ್ವವೇ ಬದಲಾಗಿ ಕ್ರಿಸ್ತರು ಅಲ್ಲಿ ನಿಜವಾಗಿ ಇರುತ್ತಾರೆ ಎಂಬುದು ಅವರ ವಿಶ್ವಾಸ. 1215ರ ಲ್ಯಾಟೆರನ್ ಮಹಾಸಭೆ ಈ ಮಾತನ್ನು ಅಧಿಕೃತವಾಗಿ ಹೇಳಿತು. ಉಳಿದ ಪ್ರಸಾದವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಮುಂದೆ ಆರದ ದೀಪ ಹಚ್ಚಿಡುವುದು, ಹಾಸಿಗೆ ಹಿಡಿದವರ ಮನೆಗೆ ಅದನ್ನು ಕೊಂಡೊಯ್ಯುವುದು ಈ ವಿಶ್ವಾಸದಿಂದಲೇ ಬಂದವು.

ಇಂಥ ಸಂಗತಿಗೆ ‘ಪ್ರಸಾದ’ ಎಂಬ ಹೆಸರು ಎಷ್ಟರಮಟ್ಟಿಗೆ ಹೊಂದುತ್ತದೆ? ಒಂದು ವ್ಯತ್ಯಾಸವಂತೂ ಇದೆ. ನಮ್ಮಲ್ಲಿ ಭಕ್ತ ಒಪ್ಪಿಸುವುದು ಹಣ್ಣು, ಕಾಯಿ, ಅನ್ನ. ಕಥೋಲಿಕ ಪೂಜೆಯಲ್ಲಿ ಕ್ರಿಸ್ತರು ತಮ್ಮನ್ನೇ ಒಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ಅದು ‘ಬಲಿ’ಪೂಜೆ. ಆದರೆ ಪ್ರಸಾದವೆಂಬ ಪದ ತನ್ನ ಜೊತೆಗೆ ಒಂದು ಪ್ರಶ್ನೆಯನ್ನೂ ತಂದಿತು: ಇದನ್ನು ಯಾರ ಪಕ್ಕದಲ್ಲಿ ಯಾರು ಕುಳಿತು ಸ್ವೀಕರಿಸಬೇಕು?

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಅಸ್ಪೃಶ್ಯನೆನಿಸಿದ್ದ ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದ್ದು, ಅದರ ವಿರುದ್ಧ ಬಿಜ್ಜಳನ ಬಳಿಗೆ ದೂರು ಹೋದದ್ದು ಶರಣರ ಚರಿತೆಗಳಲ್ಲಿ ಬರುತ್ತದೆ. ಪ್ರಸಾದ ಒಂದೇ ಆದರೆ ಪಂಕ್ತಿ ಎರಡಾಗಲಾರದು ಎಂಬುದು ಶರಣರ ನಿಲುವು.

ಕ್ರೈಸ್ತರಲ್ಲೂ ಈ ಜಗಳ ಮೊದಲಿನಿಂದಲೇ ಇತ್ತು. ಕಡೆಯ ಭೋಜನದ ಕುರಿತು ಬರವಣಿಗೆಯಲ್ಲಿ ನಮಗೆ ಸಿಗುವ ಅತ್ಯಂತ ಹಳೆಯ ವಿವರ ಸುವಾರ್ತೆಗಳದ್ದಲ್ಲ, ಕ್ರಿ.ಶ. 55ರ ಸುಮಾರಿಗೆ ಸಂತ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದ್ದು. ಆತ ಅದನ್ನು ನೆನಪಿಸಿದ್ದೇ ಒಂದು ಪಂಕ್ತಿಭೇದದ ಕಾರಣಕ್ಕೆ. ಅಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನೋಡುತ್ತಿದ್ದರು. ಹೀಗೆ ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲ ಗದರಿದ.

ದಕ್ಷಿಣ ಭಾರತದಲ್ಲಿ ಈ ಪ್ರಶ್ನೆ ಜಾತಿಯ ರೂಪದಲ್ಲಿ ಎದ್ದಿತು. 1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ದೆ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟರು, ಮಾಂಸ ಬಿಟ್ಟರು, ಲ್ಯಾಟಿನ್ ಪದಗಳನ್ನು ಬಿಟ್ಟು ಗುರು, ಪೂಜೆ, ಪ್ರಸಾದದಂಥ ದೇಶೀ ಪದಗಳನ್ನು ಹಿಡಿದರು. ಆ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಆರಂಭಿಸಿದ ಲಿಯೊನಾರ್ದೊ ಚಿನ್ನಾಮಿ ನಡೆದದ್ದೂ ಇದೇ ದಾರಿಯಲ್ಲಿ. ಭಾಷೆಯ ಮಟ್ಟಿಗೆ ಇದು ದೊಡ್ಡ ಸಾಹಸ. ಆದರೆ ಪದಗಳ ಜೊತೆಗೆ ಶ್ರೇಣಿಯೂ ಒಳಗೆ ಬಂದಿತು. ಮೇಲ್ಜಾತಿಯವರಿಗೆ ಸಂನ್ಯಾಸಿ ಗುರುಗಳು ಬೇರೆ, ಕೆಳಗಿನವರಿಗೆ ‘ಪಂಡಾರಸ್ವಾಮಿ’ಗಳು ಬೇರೆ ಎಂಬ ವ್ಯವಸ್ಥೆ ಬೆಳೆಯಿತು. ಅಸ್ಪೃಶ್ಯರೆನಿಸಿದವರು ಸಾಯುವ ಹೊತ್ತಿನಲ್ಲಿದ್ದರೂ ಮಡಿ ಕೆಡುವುದೆಂದು ಸಂನ್ಯಾಸಿ ಗುರುಗಳು ಅವರ ಮನೆಯೊಳಗೆ ಹೋಗುತ್ತಿರಲಿಲ್ಲ.

ಪೋಪ್ ಅವರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದ ಶಾರ್ಲ್ ಮೈಯಾರ್ ದೆ ತುರ್ನೋ 1704ರಲ್ಲಿ ಮದುರೆ, ಮೈಸೂರು, ಕರ್ನಾಟಿಕ್ ಮಿಶನ್‌ಗಳಿಗೆ ಆಜ್ಞೆ ಹೊರಡಿಸಿದರು. ರೋಗಿ ಯಾವ ಜಾತಿಯವನೇ ಆಗಿರಲಿ, ಗುರುಗಳು ಅವನ ಮನೆಗೆ ಹೋಗಿ ಸಂಸ್ಕಾರಗಳನ್ನು ಕೊಡಲೇಬೇಕೆಂಬುದು ಅದರಲ್ಲೊಂದು. ಬಿಸಿಬಿಸಿ ವಾದ 40 ವರ್ಷ ನಡೆಯಿತು. 1744ರಲ್ಲಿ 14ನೇ ಬೆನೆಡಿಕ್ಟ್ ಅದಕ್ಕೆ ತೆರೆ ಎಳೆದರು. ಆದರೆ ಕೆಳಜಾತಿಯವರ ಸೇವೆಗೆಂದೇ ಪ್ರತ್ಯೇಕ ಗುರುಗಳನ್ನು ನೇಮಿಸುವ ಜೆಸ್ವಿಟರ ಸಲಹೆಯನ್ನೂ ಒಪ್ಪಿಕೊಂಡರು. ಪ್ರಸಾದವೇನೋ ಗುಡಿಸಲಿನವರೆಗೆ ತಲುಪಿತು, ಪಂಕ್ತಿ ಮಾತ್ರ ಒಂದಾಗಲಿಲ್ಲ.

20ನೇ ಶತಮಾನ ಈ ಪ್ರಸಾದವನ್ನು ಸಾಮಾನ್ಯರಿಗೆ ಹತ್ತಿರ ತಂದಿತು. ಹತ್ತನೇ ಪಿಯುಸ್ 1905ರಲ್ಲಿ ಪದೇ ಪದೇ ಸ್ವೀಕರಿಸಲು ಪ್ರೋತ್ಸಾಹಿಸಿದರು. 1910ರಲ್ಲಿ ಸುಮಾರು ಏಳು ವರ್ಷದ, ತಿಳಿವಳಿಕೆ ಬಂದ ಮಕ್ಕಳಿಗೂ ಕೊಡಬೇಕೆಂದರು. ಮೊದಲು ಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ನೀರಿಗೆ ಅಡ್ಡಿಯಿಲ್ಲವೆಂದಾಯಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದೇ ಗಂಟೆಗೆ ಬಂತು. ಹೊಲದ ಕೆಲಸ ಮುಗಿಸಿ ಸಂಜೆಯ ಪೂಜೆಗೆ ಬರುವುದು ಸಾಧ್ಯವಾದದ್ದು ಇದರಿಂದ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಪೂಜೆ ಕನ್ನಡದಲ್ಲಿ ಕೇಳತೊಡಗಿತು.

ಒಂದು ನಿಯಮ ಮಾತ್ರ ಸಡಿಲವಾಗಿಲ್ಲ. ರೊಟ್ಟಿ ಗೋಧಿಯದೇ ಆಗಬೇಕು, ರಸ ದ್ರಾಕ್ಷಿಯದೇ ಆಗಬೇಕು. ಕನ್ನಡ ಬೈಬಲ್ಲಿನಲ್ಲಿ ಯೇಸು ಕೈಗೆತ್ತಿಕೊಂಡದ್ದು ‘ರೊಟ್ಟಿ’ ಎಂದೇ ಇದೆ. ಎರೆಹೊಲದ ಈ ಸೀಮೆಯ ಕಿವಿಗೆ ರೊಟ್ಟಿಯೆಂದರೆ ಜೋಳದ್ದು. ಜೋಳದ ರೊಟ್ಟಿಗೆ ಪೀಠದ ಮೇಲೆ ಜಾಗವಿಲ್ಲ. ಆದರೂ ನಿತ್ಯದ ಹಸಿವನ್ನು ಇಂಗಿಸುವ ಆ ಪದವೇ ಇಲ್ಲಿನವರಿಗೆ ಸಂಸ್ಕಾರದ ಅರ್ಥವನ್ನು ತಿಳಿಸುತ್ತದೆ.

ಬಗೆಹರಿಯದೆ ಉಳಿದದ್ದು ಪಂಕ್ತಿಯ ಪ್ರಶ್ನೆ. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣಕ್ಕಾಗಿ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೂ ಜಾತಿಭೇದ ಇದೆಯೆಂದು ಒಪ್ಪಿಕೊಂಡಿತು. ಸಂತ ಅಗಸ್ಟೀನ್ ಹೊಸದಾಗಿ ದೀಕ್ಷೆ ಪಡೆದವರಿಗೆ ಕೊಟ್ಟ ವಿವರಣೆ ಇಲ್ಲಿ ನೆನಪಾಗುತ್ತದೆ: ಪೀಠದ ಮೇಲಿರುವುದು ನಿಮ್ಮದೇ ಗುಟ್ಟು, ಏಕೆಂದರೆ ಕ್ರಿಸ್ತನ ಶರೀರವೆಂದರೆ ನೀವೇ. ಹಾಗಾದರೆ ಆ ಬಿಳಿಯ ತುಣುಕಿಗೆ ಕೈಚಾಚಿ ‘ಆಮೆನ್’ ಎನ್ನುವವರು ಸಾಲಿನಲ್ಲಿ ಮುಂದೆ ನಿಂತವರಿಗೂ ಹಿಂದೆ ನಿಂತವರಿಗೂ ‘ಆಮೆನ್’ ಎನ್ನಬೇಕಾಗುತ್ತದೆ. ಕಲ್ಯಾಣದ ಶರಣರಿಗೂ ಈ ಮಾತು ಅರ್ಥವಾಗುತ್ತಿತ್ತು.